ಪ್ರಾತ್ಯಕ್ಷಿಕೆಗೆ ಮೀಸಲಾದ ಕಾಲು

ನಮ್ಮ ಊರಿನ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಡುವೆ ಆರೋಗ್ಯ ಸೇವೆಯಲ್ಲಿ ಬಹುಕಾಲದಿಂದ ಇದ್ದ ತಾರತಮ್ಯವು ಕಳೆದ ವರ್ಷ ಸಂಪೂರ್ಣವಾಗಿ ನಿವಾರಣೆಯಾಯಿತೆಂದು ದಾಖಲಿಸಲು ಈ ಕಚೇರಿ ಹರ್ಷಿಸುತ್ತದೆ. ಮೊದಲು ಮೇಲಿನ ಬೀದಿಯವರು ಐದು ನಿಮಿಷ ನಡೆದರೆ ಚಿಕಿತ್ಸಾಲಯ ಸಿಗುತ್ತಿತ್ತು. ಕೆಳಗಿನ ಬೀದಿಯವರಿಗೆ ಮುಕ್ಕಾಲು ಗಂಟೆ ಬೇಕಿತ್ತು. ಈಗ ಚಿಕಿತ್ಸಾಲಯಕ್ಕೆ ಬೀಗ ಹಾಕಿದೆ. ಯಾರು ಎಲ್ಲಿಂದ ಹೊರಟರೂ ಒಂದೇ.

ಬೀಗವನ್ನು ಸುಮ್ಮನೆ ಹಾಕಿದ್ದಲ್ಲ. ಸಮಾನತೆಯೆಂದರೆ ಜನ ನಮ್ಮ ಬಳಿ ಬರುವುದಲ್ಲ, ನಾವೇ ಜನರ ಬಳಿ ಹೋಗಿ ಅರಿವು ಮೂಡಿಸುವುದು ಎಂದು ಸುತ್ತೋಲೆ ಬಂತು. ಅದರಂತೆ ಅಲ್ಲಿದ್ದ ಒಬ್ಬರೇ ಒಬ್ಬ ನರ್ಸಮ್ಮನ ಹುದ್ದೆಯನ್ನು 'ಸಮುದಾಯ ಸಂವಹನ ಸಂಚಾಲಕಿ' ಎಂದು ಬದಲಿಸಿ, ಕೈಗೆ ಮೈಕು ಕೊಟ್ಟು ಕಳಿಸಿದೆವು. ಖಾಲಿಯಾದ ಕೋಣೆಯಲ್ಲಿ ಭಿತ್ತಿಪತ್ರ ತುಂಬಿದೆವು. ರೋಗಿಗಳು ಮಲಗುತ್ತಿದ್ದ ಮಂಚದ ಮೇಲೆ 'ಗಾಯವನ್ನು ಕಡೆಗಣಿಸಬೇಡಿ' ಎಂಬ ಭಿತ್ತಿಪತ್ರದ ಕಟ್ಟುಗಳೇ ಎದೆಮಟ್ಟ ಇವೆ. ಬೆನ್ನು ನೋಯಿಸಿಕೊಂಡು ಅವನ್ನೆಲ್ಲ ಜೋಡಿಸಿದವನು ನಾನು, ಈ ಕಚೇರಿಯ ಗುಮಾಸ್ತ.

ಆದರೆ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ. ಒಂದು ಬೆಳಿಗ್ಗೆ ಕೆಳಗಿನ ಬೀದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸು ಕುಂಟುತ್ತಾ ನನ್ನ ಕಿಟಕಿಗೆ ಬಂದರು. ಊರಿಗೆಲ್ಲ ಅವರು ಇಸ್ತ್ರಿ ಅಕ್ಕ.

"ಅಣ್ಣಾ, ನರ್ಸಮ್ಮ ಇಲ್ವಾ? ಇಸ್ತ್ರಿ ಪೆಟ್ಟಿಗೆ ಕಾಲ್ಮೇಲೆ ಬಿತ್ತು. ಹತ್ತು ದಿನ ಆಯ್ತು, ಮಾಯ್ತಾನೇ ಇಲ್ಲ. ನಂಗೆ ಸಕ್ಕರೆ ಕಾಯಿಲೆ ಬೇರೆ."

ನಾನು ನಮೂನೆ ತೆಗೆದು ಮೊದಲ ಪ್ರಶ್ನೆ ಓದಿದೆ. "ಗಾಯ ಆದ್ರೆ ಏನು ಮಾಡ್ಬೇಕು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು? ನರ್ಸಮ್ಮನ ಹತ್ರ ಬರ್ಬೇಕು. ಅದಕ್ಕೇ ತಾನೆ ಬಂದಿರೋದು!"

'ಅರಿವು ಹೊಂದಿದ್ದಾರೆ' ಎಂದು ಬರೆದುಕೊಂಡೆ. ಅರಿವು ಹೊಂದಿದವರಿಗೆ ಈ ಕಚೇರಿಯಿಂದ ಇನ್ನೇನೂ ಆಗಬೇಕಾದ್ದಿಲ್ಲವೆಂದು ಸಮಾಧಾನದಿಂದಲೇ ತಿಳಿಸಿದೆ.

"ಗೊತ್ತಿಲ್ಲ ಅಂದಿದ್ರೆ?"

"ಬುಧವಾರದ ಅರಿವು ಸಭೆಗೆ ಬರ್ಬಹುದಿತ್ತು. ನರ್ಸಮ್ಮ ಅಲ್ಲಿರ್ತಾರೆ."

"ಹಾಗಾದ್ರೆ ನಂಗೇನೂ ಗೊತ್ತಿಲ್ಲ ಅಂತ ಬರ್ಕೊಳ್ಳಪ್ಪಾ. ಪುಣ್ಯ ಬರುತ್ತೆ."

ತಿದ್ದಿ ಬರೆದುಕೊಂಡೆ. ನಾವೇನು ಕಲ್ಲು ಹೃದಯದವರಲ್ಲ.

ಬುಧವಾರ ಕೆಳಗಿನ ಬೀದಿಯ ಶಾಲೆಯ ಹಾಲಿನಲ್ಲಿ ಸಭೆ. ನರ್ಸಮ್ಮ ಗಾಯದ ಚಿತ್ರ ತೋರಿಸಿದರು. ಮುದ್ರಣ ಕೆಟ್ಟು ಅದು ಒಡೆದ ಟೊಮೆಟೊ ಥರ ಕಾಣುತ್ತಿತ್ತು. ಒಬ್ಬ ತಾತ ಎದ್ದು ತರಕಾರಿ ವಿಷಯ ಯಾವಾಗ ಮುಗಿಯುತ್ತೆ ಎಂದೂ ಕೇಳಿದ. ಅಷ್ಟರಲ್ಲಿ ನರ್ಸಮ್ಮನ ಕಣ್ಣು ಇಸ್ತ್ರಿ ಅಕ್ಕನ ಕಾಲಿನ ಮೇಲೆ ಬಿತ್ತು. "ಅಯ್ಯೋ ಅಕ್ಕಾ, ಇದೇನಿದು!" ಎಂದು ಮೈಕು ಪಕ್ಕಕ್ಕಿಟ್ಟು, ಅವರನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಗಾಯ ತೊಳೆದು, ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಿದರು. ಹಾಲೆಲ್ಲ ಚಪ್ಪಾಳೆ.

ನಮ್ಮ ಸಾಹೇಬರಿಗಂತೂ ಖುಷಿಯೋ ಖುಷಿ. "ನೋಡ್ರಿ, ಇಂಥ ಗಾಯ ಎಷ್ಟು ಖರ್ಚು ಮಾಡಿದ್ರೂ ಪ್ರಿಂಟ್‌ನಲ್ಲಿ ಬರಲ್ಲ!"

ಸಭೆ ಮುಗಿದ ಮೇಲೆ ನಾನು ಬ್ಯಾಂಡೇಜನ್ನು ಬಿಚ್ಚಿ, ನೀಟಾಗಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಪ್ರಾತ್ಯಕ್ಷಿಕೆಯ ಸಾಮಗ್ರಿ ಪ್ರಾತ್ಯಕ್ಷಿಕೆಗೆ ಮಾತ್ರ ಎಂಬುದು ನಿಯಮ. ಇಸ್ತ್ರಿ ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. ಮರುದಿನವೇ ಪ್ರಕಟಣೆ ಹೊರಟಿತು:

'ಕೆಳಗಿನ ಬೀದಿಯ ಇಸ್ತ್ರಿ ಕೆಲಸದವರ ಬಲಗಾಲನ್ನು ಶೈಕ್ಷಣಿಕ ಸಾಧನವೆಂದು ಘೋಷಿಸಲಾಗಿದೆ. ಸದರಿ ಕಾಲಿಗೆ ಯಾರೂ ಅನುಮತಿಯಿಲ್ಲದೆ ಚಿಕಿತ್ಸೆ ನೀಡತಕ್ಕದ್ದಲ್ಲ. ಗಾಯವು ವಾಸಿಯಾದಲ್ಲಿ ಜನರು ಅರಿವಿನಿಂದ ವಂಚಿತರಾಗುವರು.'

ನರ್ಸಮ್ಮ ಒಳ್ಳೆಯವರೇ, ಆದರೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. "ಅಕ್ಕಾ, ಸಂಜೆ ನಮ್ಮನೆಗೆ ಬನ್ನಿ, ನಾನೇ ಕಟ್ತೀನಿ" ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಕರ್ತವ್ಯ ನೋಡಿ, ವರದಿ ಮಾಡಿದೆ. ಸಾಧನವನ್ನು ಹಾಳುಗೆಡವಲು ಯತ್ನಿಸಿದ್ದಕ್ಕೆ ಕಾರಣ ಕೇಳಿ ನೋಟಿಸು ಹೋಯಿತು. ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆಂದೂ ಅದರಲ್ಲಿತ್ತು. ನರ್ಸಮ್ಮನಿಗೆ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಪಿಸುಗುಟ್ಟುವುದು ನಿಂತಿತು.

ಈ ನಡುವೆ ಮೇಲಿನ ಬೀದಿಯವರು ಗಲಾಟೆ ಎಬ್ಬಿಸಿದರು. ಕಾಲನ್ನು ಕೆಳಗಿನ ಬೀದಿಯವರೇ ನೋಡುತ್ತಿದ್ದಾರೆ, ಇದ್ಯಾವ ಸಮಾನತೆ ಎಂಬುದು ಅವರ ಪ್ರಶ್ನೆ. ನ್ಯಾಯವಾದದ್ದೇ. ಮಂಗಳವಾರ, ಶುಕ್ರವಾರ ಕಾಲನ್ನು ಮೇಲಿನ ಬೀದಿಗೆ ಹಂಚಿಕೆ ಮಾಡಿದೆವು. ಕಾಲಿನ ಜೊತೆ ಇಸ್ತ್ರಿ ಅಕ್ಕನೂ ಮುಕ್ಕಾಲು ಗಂಟೆ ನಡೆದು ಬರುತ್ತಿದ್ದರು. ವಾರ ಕಳೆದಂತೆ ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಯಿತು. ಸಭೆ ತಡವಾಗುತ್ತಿದೆಯೆಂದು ಒಮ್ಮೆ ನಾನೇ ಗದರಿದ್ದೂ ಉಂಟು.

ಆರನೆಯ ವಾರ ಅವರ ಮಗಳು ಕಚೇರಿಗೆ ನುಗ್ಗಿದಳು. ಬಸ್ ಕಂಡಕ್ಟರು; ಗಂಟಲು ಕೇಳಬೇಕೆ!

"ಸಾಹೇಬ್ರೇ, ನಮ್ಮಮ್ಮನ ಕಾಲಿನ ಕಿರುಬೆರಳು ಕಪ್ಪಾಗಿದೆ! ಆರು ವಾರದಿಂದ ಊರೆಲ್ಲಾ ಸುತ್ತಿಸ್ತಿದೀರಲ್ಲ, ಆ ಗಾಯಾನ ಒಬ್ರಾದ್ರೂ ನೋಡಿದೀರಾ?"

"ಸಾವಿರದ ಇನ್ನೂರು ಜನ ನೋಡಿದಾರಮ್ಮ" ಎಂದರು ಸಾಹೇಬರು, ಬಹಳ ಮೃದುವಾಗಿ. "ಎಲ್ಲರ ಸಹಿ ಇದೆ. ಬೇಕಿದ್ರೆ ತೋರಿಸ್ತೀನಿ."

ಅವಳು ಸಹಿ ನೋಡಲು ನಿಲ್ಲಲಿಲ್ಲ. ಅಮ್ಮನನ್ನು ತನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಪಕ್ಕದ ಊರಿನ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಬೆರಳನ್ನು ತೆಗೆದರು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತಂತೆ. ಸುದ್ದಿ ಕೇಳಿ ಅವತ್ತು ನನಗೆ ಊಟ ಸೇರಲಿಲ್ಲ. ಕಡತದಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಅನುಮತಿಯಿಲ್ಲದೆ ಸಾಧನದ ಒಂದು ಭಾಗವನ್ನು ಕಡಿಮೆ ಮಾಡಿದ್ದಕ್ಕೆ ಸಮಜಾಯಿಷಿ ಕೇಳಿ ಇಸ್ತ್ರಿ ಅಕ್ಕನ ಮನೆಗೆ ಪತ್ರ ಕಳಿಸಿದೆವು. ಮಗಳು ಅದನ್ನು ಹರಿದು ನನ್ನ ಮೇಜಿನ ಮೇಲೇ ಹಾಕಿ ಹೋದಳು. ಸಾಹೇಬರದ್ದು ದೊಡ್ಡ ಮನಸ್ಸು. ಕೋಪ ಮಾಡಿಕೊಳ್ಳದೆ ಇಸ್ತ್ರಿ ಅಕ್ಕನನ್ನು 'ಸಮುದಾಯ ಆರೋಗ್ಯ ರಾಯಭಾರಿ'ಯಾಗಿ ನೇಮಿಸಿದರು. ಆದೇಶ ಹಿಡಿದು ನಾನೇ ಅವರ ಮನೆಗೆ ಹೋದೆ.

"ನಿಂತು ಇಸ್ತ್ರಿ ಹಾಕೋಕೆ ಇನ್ನು ಆಗಲ್ಲ ಅಂದ್ರು ಡಾಕ್ಟ್ರು" ಎಂದರು ಅಕ್ಕ. ಮಗಳು ಮುಖ ತಿರುಗಿಸಿಕೊಂಡು ಕೂತಿದ್ದಳು. "ಭಾಷಣ ಮಾಡೋರಿಗೆ ಕುರ್ಚಿ ಕೊಡ್ತೀರಾ?"

"ಕೊಡ್ತೇವೆ ಅಕ್ಕಾ."

"ಸರಿ ಹಾಗಾದ್ರೆ."

ಅವರ ಮೊದಲ ಭಾಷಣಕ್ಕೆ ಶಾಲೆಯ ಹಾಲ್ ತುಂಬಿ ಹೋಗಿತ್ತು. ನರ್ಸಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೈಕು ಈಗ ಅವರ ಕೈಯಲ್ಲಿಲ್ಲದ್ದರಿಂದ ಚಪ್ಪಾಳೆಯ ಜವಾಬ್ದಾರಿಯನ್ನು ವಹಿಸಿದ್ದೆವು. ಇಸ್ತ್ರಿ ಅಕ್ಕ ಕುರ್ಚಿಯಲ್ಲಿ ಕೂತು, ಒಂಚೂರೂ ತಡವರಿಸದೆ ಹೇಳಿದರು: "ಗಾಯ ಆದ್ರೆ ತಡ ಮಾಡ್ಬೇಡಿ. ಕೂಡ್ಲೇ ನರ್ಸಮ್ಮನ ಹತ್ರ ಹೋಗಿ."

ಬಡಗಿಯೊಬ್ಬರು ಎದ್ದು ನಿಂತರು. ಹೆಬ್ಬೆರಳಿಗೆ ಟವೆಲ್ ಸುತ್ತಿಕೊಂಡಿದ್ದರು, ಅದು ನೆನೆದು ಕೆಂಪಾಗಿತ್ತು. "ಅಕ್ಕಾ, ಬೆಳಿಗ್ಗೆ ಉಳಿ ತಗುಲ್ತು. ನರ್ಸಮ್ಮ ಎಲ್ಲಿ ಸಿಗ್ತಾರೆ?"

"ನಿಮ್ಮ ಪಕ್ಕದಲ್ಲೇ ಕೂತಿದಾರಲ್ಲ, ಚಪ್ಪಾಳೆ ತಟ್ಟೋರು."

ಎಲ್ಲರೂ ಆ ಕಡೆ ತಿರುಗಿದರು. ನರ್ಸಮ್ಮ ಟವೆಲ್ಲಿನತ್ತ ಕೈ ಚಾಚಿ, ನನ್ನ ಮುಖ ನೋಡಿ, ಕೈಯನ್ನು ಮಡಿಲಿಗೆ ತಂದುಕೊಂಡರು. ನಾನು ಪುಸ್ತಕ ತೆರೆದು ಗಾಯ ಎಷ್ಟು ಆಳವಿದೆ ಎಂದು ಕೇಳಿದೆ. ಬಡಗಿಯಲ್ಲವೇ, ಅಳತೆ ಬಲ್ಲವರು, ತಟ್ಟನೆ ಹೇಳಿದರು. ಬರೆದು ತಲೆಯೆತ್ತುವಷ್ಟರಲ್ಲಿ ಬಡಗಿ ತಾವಾಗಿಯೇ ವೇದಿಕೆ ಹತ್ತಿ, ಟವೆಲ್ ಬಿಚ್ಚಿ, ಹಿಂದಿನ ಸಾಲಿನವರಿಗೂ ಸಮನಾಗಿ ಕಾಣಲೆಂದು ಹೆಬ್ಬೆರಳನ್ನು ಮೇಲೆತ್ತಿ ಹಿಡಿದಿದ್ದರು.