ಮೇಮ್‌ಸಾಹೇಬರಿಗೊಂದು ವಿಶೇಷಣ

ನಮ್ಮ ಕಚೇರಿಯಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವರಿಲ್ಲ ಎಂಬುದು ಪುಣೆಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೆ. ಆದ್ದರಿಂದ ದೊಡ್ಡ ಸಾಹೇಬರು ವಿಲಾಯತಿಗೆ ಹೊರಟಾಗ ಮಾನಪತ್ರ ಬರೆದು ಓದುವ ಕೆಲಸ ನನಗೇ ಬಂತು. ಖಾಲಿಯಾಗಲಿದ್ದ ಹೆಡ್‌ಕ್ಲಾರ್ಕ್ ಕುರ್ಚಿಗೆ ಹೆಸರು ಸೂಚಿಸಿ ಹೋಗುವವರೂ ಅವರೇ. ಧಾರವಾಡ ಬಿಟ್ಟು ಬಂದಾಗಿನಿಂದ ನಾನು ಆ ಕುರ್ಚಿಯನ್ನೇ ನೋಡುತ್ತ ಕೂತಿದ್ದೆ.

ಮಾನಪತ್ರದಲ್ಲಿ ಯಜಮಾನನನ್ನು ಹೊಗಳಿ ಯಜಮಾನಿಯನ್ನು ಬಿಡುವುದುಂಟೇ? ಸಾಹೇಬರಿಗೆ ಹನ್ನೊಂದು ವಿಶೇಷಣ ಹಾಕಿದೆ. ಮೇಮ್‌ಸಾಹೇಬರಿಗೆ ಒಂದೇ, ಆದರೆ ತೂಕದ್ದು: 'ಎನ್‌ಚಾಂಟಿಂಗ್'. ನಿಘಂಟು ತೆರೆದು ಮೂರು ಸಲ ನೋಡಿದೆ. ಮೋಡಿ ಹಾಕುವಂಥ, ಮನಮೋಹಕ. ಅರ್ಥ ಸರಿ, ಕಾಗುಣಿತವೂ ಸರಿ!

"ಹಂಗಂದ್ರ ಏನ್ರಿ?" ಎಂದಳು ಹೆಂಡತಿ ಗಂಗಾ. ಹೇಳಿದೆ.

"ಮಂದಿ ಹೆಂಡ್ತಿಗೆ ನಾಕ ಜನರ ಮುಂದ ಹಂಗ ಅಂತಾರೇನ್ರಿ?"

"ನಿನಗ ಇಂಗ್ಲಿಷ್ ರೀತಿ ತಿಳಿಯೂದಿಲ್ಲ, ಸುಮ್ನಿರು."

ಸಮಾರಂಭದ ದಿನ ಜರಿ ರುಮಾಲು ಸುತ್ತಿ, ಗಂಟಲು ಸರಿಮಾಡಿಕೊಂಡು ಓದಿದೆ. ಆ ಪದದ ಹತ್ತಿರ ಚಪ್ಪಾಳೆಗೆಂದು ತುಸು ನಿಂತೆ. ಚಪ್ಪಾಳೆ ಬೀಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಓದಿದೆ! ಸಾಹೇಬರ ಮುಖ ಕೆಂಪಾಯಿತು. ಮೇಮ್‌ಸಾಹೇಬರು ಬೀಸಣಿಗೆ ಮಡಚಿದರು. ಜೊತೆಯ ಗುಮಾಸ್ತ ಜೋಶಿ ನನ್ನ ಕೋಟು ಜಗ್ಗಿ, "ಅಹೋ, ಬಸಾ, ಬಸಾ!" ಎಂದು ಕೂರಿಸಿದ.

ಆಮೇಲೆ ಎದ್ದವನು ಆಗಷ್ಟೇ ಹಡಗಿಳಿದು ಬಂದಿದ್ದ ಕಿರಿಯ ಬಿಳಿ ಅಧಿಕಾರಿ. ಮೇಮ್‌ಸಾಹೇಬರತ್ತ ಬಾಗಿ ಅದೇ ಪದ ಆಡಿದ. ಅದೇ ಮೇಮ್‌ಸಾಹೇಬರು ನಕ್ಕರು. ಅದೇ ಸಭೆ ಚಪ್ಪಾಳೆ ತಟ್ಟಿತು. ಎಲ್ಲರ ಜೊತೆ ನಾನೂ ತಟ್ಟಿದೆ!

ಆ ನಾಚಿಕೆ ಇನ್ನೂ ಅಂಗೈಯಲ್ಲಿ ಉರಿಯುತ್ತದೆ. ನಿಘಂಟು ಪದದ ಅರ್ಥ ಕೊಟ್ಟಿತ್ತು. ಯಾವ ಬಣ್ಣದವರು ಅದನ್ನು ಆಡಬಹುದೆಂದು ಹೇಳಿರಲಿಲ್ಲ. ವಾರದೊಳಗೆ ಕುರ್ಚಿ ಜೋಶಿಗೆ ಹೋಯಿತು. ಅವನು ಆಯುಷ್ಯದಲ್ಲಿ 'ಯಸ್ ಸರ್' ಬಿಟ್ಟು ಬೇರೆ ಇಂಗ್ಲಿಷ್ ಆಡಿದವನಲ್ಲ. ನನ್ನನ್ನು ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಅಲ್ಲಿ ನನ್ನ ಇಂಗ್ಲಿಷ್ ಕೇಳಲು ಗೆದ್ದಲು ಇದ್ದವು.

ಆ ಕೋಣೆಗೆ ಹಾಕಿದ ದಿನ ಸಂಜೆ ಗಂಗಾಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ, ಆಡಿಕೊಳ್ಳಲಿಲ್ಲ, ಚಹಾ ತಂದಿಟ್ಟಳು. ಇಷ್ಟು ವರ್ಷದಲ್ಲಿ ಇವಳಿಗೆ ಒಂದಾದರೂ ಒಳ್ಳೆಯ ಮಾತು ಆಡಿದ್ದೆನೇ?

"ಖರೇ ಅಂದ್ರ, ನೀನ ನೋಡು ಎನ್‌ಚಾಂಟಿಂಗ್" ಎಂದೆ.

"ಹೌದ್ರಿ? ಸಾಹೇಬರ ಅಪ್ಪಣಿ ತಗೊಂಡ ಈ ಮಾತ ಅಂದ್ರೇನ್ರಿ?" ಎಂದಳು.

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ತಿರುಗಿ ಬಾಗಿಲ ಕಡೆ ನೋಡಿದೆ.