ಟೈಲರಪ್ಪ ಆರಿಸಿದ ಬಿಳುಪು

"ನಾನು ಹಾಕಿದ ತೇಪೆಯನ್ನ ಅಂಗಿ ತೊಟ್ಟವನೇ ಹುಡುಕಲಾರ. ಇನ್ನು ಹಲ್ಲಿನ ಬಣ್ಣ ಹೊಂದಿಸೋದು ಯಾವ ಮಹಾ ಬ್ರಹ್ಮವಿದ್ಯೆ!"

ದಂತ ವೈದ್ಯೆಯ ಕೋಣೆಯಲ್ಲಿ ಟೈಲರಪ್ಪ ಹೀಗೆ ಗುಡುಗಿದ. ಗುಡುಗಿನ ಹಿಂದೆ ಅಳುಕೂ ಇತ್ತು. ಮೂರು ದಿನಗಳ ಹಿಂದೆ ಅಂಗಡಿಯಲ್ಲಿ ಹೆಂಡತಿ ಕತ್ತರಿ ಕೇಳಿದಾಗ, "ಬಾಯಲ್ಲಿ ಹಲ್ಲಿಲ್ವೇನೇ?" ಎಂದವನು ಅವನೇ. ಆಕೆ ನೂಲು ಕಚ್ಚಲು ಹೋಗಿ ಗುಂಡಿಯನ್ನೇ ಕಚ್ಚಿದಳು. ಮುಂದಿನ ಹಲ್ಲಿನ ಮೂಲೆ ಹಾರಿಹೋಯಿತು. ಅಂದಿನಿಂದ ಅವಳ ನಗು ಅಂಗೈಯ ಹಿಂದೆ ಅಡಗಿ ಕೂತಿತ್ತು. ಹೊಲಿಗೆ ಯಂತ್ರ ಎಷ್ಟು ಸದ್ದು ಮಾಡಿದರೂ ಅಂಗಡಿ ಭಣಗುಡುತ್ತಿತ್ತು.

"ಹಲ್ಲು ತೇಯ್ದು ಸಣ್ಣ ಮಾಡಲ್ಲ, ಕ್ಯಾಪೂ ಬೇಡಮ್ಮ," ಎಂದಳು ವೈದ್ಯೆ. "ಮುರಿದಷ್ಟನ್ನೇ ಹಲ್ಲಿನ ಬಣ್ಣದ ಲೇಪದಿಂದ ಕಟ್ತೀನಿ. ಬಣ್ಣ ಮಾತ್ರ ಬೇಗ ಆರಿಸ್ಬೇಕು. ಬಾಯಿ ತೆರೆದೇ ಇದ್ರೆ ಹಲ್ಲು ಒಣಗಿ ಬೆಳ್ಳಗೆ ಕಾಣುತ್ತೆ."

ಬೇಗವಂತೆ! ನೂಲನ್ನೂ ಬಿಸಿಲಿಗೆ ಹಿಡಿಯದೆ ಒಪ್ಪದ ಆಸಾಮಿ! ಹೆಂಡತಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ವೈದ್ಯೆ ಕೊಟ್ಟ ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಅವಳ ಹಲ್ಲಿನ ಪಕ್ಕ ಹಿಡಿದು ನೋಡಿದ. "ಆ ಅನ್ನು. ಇನ್ನೂ ಆ ಅನ್ನು!" ಕಾಲು ಗಂಟೆ ಕಳೆಯಿತು.

"ಇದೇ!"

"ಇದು ಜಾಸ್ತಿ ಬಿಳಿ ಆಯ್ತು, ಯಜಮಾನ್ರೇ."

"ನಲವತ್ತು ವರ್ಷ ಪಳಗಿದ ಕಣ್ಣು ಡಾಕ್ಟ್ರೇ ಇದು!"

ಹೆಂಡತಿ ಮೆಲ್ಲಗೆ ಅಂದಳು: "ಅದನ್ನೇ ಹಚ್ಬಿಡಿ. ಮೂರು ದಿನದಿಂದ ಅವರಿಗೆ ಊಟ ಸೇರ್ತಿಲ್ಲ."

"ಆಯ್ತಮ್ಮ, ಒಪ್ಪದಿದ್ರೆ ಬನ್ನಿ, ಮೇಲಿನ ಪದರ ಬದಲಾಯಿಸ್ತೀನಿ."

ಒಣಗಿದ್ದ ಹಲ್ಲುಗಳೆಲ್ಲ ಸಂಜೆಯ ಹೊತ್ತಿಗೆ ಮತ್ತೆ ಒದ್ದೆಯಾಗಿ ತಮ್ಮ ಹಳೆಯ ಬಣ್ಣಕ್ಕೆ ಮರಳಿದವು. ತೇಪೆ ಮಾತ್ರ ಹಳೇ ಅಂಗಿಗೆ ಹೊಲಿದ ಹೊಸ ಗುಂಡಿಯಂತೆ ಫಳಫಳ ಹೊಳೆಯಿತು! ಅವಳು ಕನ್ನಡಿ ನೋಡಿದಳು. ಈಗ ಬಾಯಿ ಮುಚ್ಚಲು ಎರಡೂ ಕೈ ಬೇಕಾದವು.

ಮರುದಿನ ಟೈಲರಪ್ಪ ತುಟಿ ಹೊಲಿದುಕೊಂಡು ಹೊರಗೆ ಕುಳಿತ. ಒಳಗೆ ವೈದ್ಯೆ ಹಲ್ಲು ಒಣಗುವ ಮೊದಲೇ ಬಣ್ಣ ಹೊಂದಿಸಿದಳು: ಮೇಲ್ಗಡೆ ತುಸು ಹಳದಿ, ತುದಿಗೆ ತುಸು ಮಂಜಿನಂಥ ಮಸುಕು.

ಹೆಂಡತಿ ಹೊರಬಂದು ಅವನೆದುರು ನಿಂತಳು. "ತೇಪೆ ಯಾವ ಹಲ್ಲಿಗೆ, ಹೇಳಿ ನೋಡೋಣ."

ಅವನು ಕನ್ನಡಕ ಒರೆಸಿದ. ಮತ್ತೆ ಒರೆಸಿದ. ಮಂಜು ಕನ್ನಡಕದ್ದಲ್ಲ, ಕಣ್ಣಿನದು. ಕೊನೆಗೆ ಧೈರ್ಯ ಮಾಡಿ ಬೆರಳು ತೋರಿದ. "ಇದು!"

"ಅದು ನನ್ನ ಸ್ವಂತದ್ದು ರೀ!"

ಅವಳು ಬಿದ್ದು ಬಿದ್ದು ನಕ್ಕಳು. ಎರಡೂ ಕೈಗಳು ಗಂಡನ ಭುಜದ ಮೇಲಿದ್ದವು.

"ಇನ್ಮೇಲೆ ಕತ್ತರಿ ನನ್ನ ಹತ್ರಾನೇ ಇರುತ್ತೆ," ಎಂದಳು. "ನಿಮಗೇನು, ಬಾಯಲ್ಲಿ ಹಲ್ಲಿಲ್ವೇನ್ರೀ?"