ತಾರಸಿಯ ಸೋಲಾರೂ ಜುಬೇದಮ್ಮನ ದೋಸೆಯೂ

ಹುಣಸೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು ನಾನು. ಆದ್ದರಿಂದ, ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಸಾಕು, ಮನೆಗೆ ಕರೆಂಟು ಕೊಡುವ ಸೋಲಾರ್ ಪ್ಯಾನೆಲ್ ಬಂದಿದೆ ಎಂದು ತಿಳಿದಾಗ ಯಾರನ್ನೂ ಕೇಳಲಿಲ್ಲ. ಮೈಸೂರಿನಿಂದ ತಂದು, ತಾರಸಿಯ ನೀರಿನ ಟ್ಯಾಂಕಿಗೆ ಒರಗಿಸಿ, ಚುಚ್ಚಿಯೇಬಿಟ್ಟೆ.

"ಜೊತೇಲಿ ಪುಸ್ತಕ ಕೊಟ್ಟವ್ರೆ, ಓದ್ರೀ. ಏನೋ ರೂಲ್ಸ್ ಇರ್ತವೆ," ಎಂದಳು ಹೆಂಡತಿ ಸರೋಜ.

"ಓಮ್‌ನ ನಿಯಮ ಕಲಿಸಿದವನಿಗೆ ಇನ್ಯಾವ ನಿಯಮ ಬೇಕೇ?" ಎಂದೆ.

ಒಂದು ಮಂಗಳವಾರ ಬೆಳಿಗ್ಗೆ, ಲೈನು ದುರಸ್ತಿಗೆಂದು ಅಂದು ದಿನವಿಡೀ ಕರೆಂಟಿಲ್ಲ ಎಂಬ ಸುದ್ದಿ ಬಂತು. ಎದುರುಮನೆಯ ಜುಬೇದಮ್ಮ ಪೇಚಾಡುತ್ತಿದ್ದರು.

"ನಾಳೆ ಬೆಳಿಗ್ಗೆ ಮಗಳನ್ನ ನೋಡಕ್ಕೆ ಪಿರಿಯಾಪಟ್ನದಿಂದ ಬತ್ತಾವ್ರೆ ಮೇಷ್ಟ್ರೇ. ದೋಸೆ ಹಿಟ್ಟು ಹೆಂಗೆ ರುಬ್ಲಿ?"

"ನೆನೆಸಿದ ಅಕ್ಕಿ-ಉದ್ದು ನಮ್ಮನೇಲಿ ಬಿಟ್ಟೋಗಿ, ಸೋಲಾರಲ್ಲಿ ರುಬ್ಬಿಡ್ತೀನಿ. ಸಂಜೆ ತಗೊಂಡೋಗಿ."

ಹತ್ತು ಗಂಟೆಗೆ ಕರೆಂಟು ಹೋಯಿತು. ನಾನು ನಗುತ್ತಾ ಗ್ರೈಂಡರಿನ ಸ್ವಿಚ್ಚು ಒತ್ತಿದೆ. ಗ್ರೈಂಡರು ಅಲುಗಲಿಲ್ಲ. ಪ್ಯಾನೆಲ್ಲನ್ನು ಒರೆಸಿದೆ. ಸೂರ್ಯನ ಕಡೆಗೆ ತಿರುಗಿಸಿದೆ. ಸೂರ್ಯನಿಂದ ಯಾವ ಲೋಪವೂ ಆಗಿರಲಿಲ್ಲ.

ಪಕ್ಕದ ಕಂಬದಲ್ಲಿ ಲೈನ್‌ಮನ್ ಮಹದೇವ ಕೆಲಸ ಮಾಡುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಕರೆದೆ. ಬಂದು ನೋಡಿದವನ ಮುಖ ಗಂಭೀರವಾಯಿತು.

"ಲೈನಲ್ಲಿ ಕರೆಂಟ್ ಹೋದ್ರೆ ಇದೂ ತಾನಾಗೇ ನಿಲ್ಲಂಗೆ ಮಾಡವ್ರೆ ಸಾ. ನಿಲ್ದೇ ಹೋದ್ರೆ ಇದರ ಕರೆಂಟು ಲೈನಿಗೆ ಬಂದು, ಕಂಬದ ಮ್ಯಾಲೆ ನಾನು ಸುಟ್ಟೋಯ್ತೀನಿ. ನಮ್ಮಾಫೀಸಿಗೆ ಅರ್ಜಿ ಕೊಡ್ದೆ ಚುಚ್ಚಂಗೂ ಇಲ್ಲ."

ಆ ಕ್ಷಣವೇ ಪ್ಲಗ್ಗು ಕಿತ್ತೆ.

"ಈ ಪಾಠ ನಮ್ಗೆ ಇರ್ನಿಲ್ಲ ಬುಡಿ," ಎಂದು ಅವನೇ ಸಮಾಧಾನ ಹೇಳಿ ಕಂಬ ಹತ್ತಿದ.

ಆದರೆ ಕೊಟ್ಟ ಮಾತು? ಹಿತ್ತಲಲ್ಲಿ ಸರೋಜಳ ತಾಯಿಯ ಕಾಲದ ಒರಳುಕಲ್ಲಿತ್ತು. ತೊಳೆದು ಕೂತೆ.

"ನಾನೂ ಕೈ ಹಾಕ್ತೀನಿ ಬಿಡ್ರೀ," ಎಂದಳು ಸರೋಜ.

"ಮಾತು ಕೊಟ್ಟವನು ನಾನು," ಎಂದೆ.

ಮಧ್ಯಾಹ್ನ ಮೂರರವರೆಗೆ ರುಬ್ಬಿದೆ. ಕೆಲಸ ಮುಗಿಸಿದ ಮಹದೇವ ಕಾಂಪೌಂಡಿನಾಚೆಯಿಂದ ಇಣುಕಿದ.

"ಇದ್ಕೆ ಅರ್ಜಿ ಬ್ಯಾಡ ಸಾ. ರುಬ್ಬಿ."

ಮರುದಿನ ಜುಬೇದಮ್ಮ ನಮ್ಮನ್ನೂ ಕರೆದಿದ್ದರು. ಗಂಡಿನ ತಂದೆ ಮೂರನೆಯ ದೋಸೆ ಹಾಕಿಸಿಕೊಂಡರು. ಸಂಬಂಧ ಕುದುರಿತು.

"ನಮ್ ಮೇಷ್ಟ್ರು ಸೋಲಾರಲ್ಲಿ ರುಬ್ಬಿ ಕೊಟ್ಟಿದ್ದು," ಎಂದು ಜುಬೇದಮ್ಮ ಹೆಮ್ಮೆಯಿಂದ ಎಲ್ಲರಿಗೂ ಹೇಳಿದರು.

ಹಾಗಲ್ಲ ಎಂದು ಕೈ ಎತ್ತೋಣವೆಂದರೆ ತೋಳು ಮೇಲೇಳಲಿಲ್ಲ.